ಫಲಪುಷ್ಪ ಪ್ರದರ್ಶನದಲ್ಲಿ ನೆಕ್ಕರಿಕಕ್ಕೂ ಒಂದು ಮೇಜು ಕೊಡಿ

ಮಾನ್ಯ ಸಂಪಾದಕರೇ,

ಮುಂಗಾರು ಹತ್ತಿರ ಬಂತು. ಕೊಡಗಿನಲ್ಲಿ ಗಿಡ ನೆಡುವ ಹೊತ್ತು ಇದು. ಸಂತೆಗೆ ಹೋಗಿ ಬರುವ ಜೀಪಿನ ಹಿಂದೆ ಒಂದೆರಡು ಹೂವಿನ ಗಿಡ ಇದ್ದೇ ಇರುತ್ತದೆ. ನಮ್ಮ ಜಿಲ್ಲೆಯ ಹೆಂಗಸರಿಗೆ ಹೂತೋಟದ ಹುಚ್ಚು ಮೊದಲಿಂದಲೂ ಜಾಸ್ತಿ. ನನಗೂ ಇದೆ. ಆದರೆ ಮಡಿಕೇರಿಯಿಂದ ಭಾಗಮಂಡಲದವರೆಗೆ ರಸ್ತೆ ಬದಿಯ ಅಂಗಳಗಳನ್ನು ಒಮ್ಮೆ ನೋಡುತ್ತಾ ಬನ್ನಿ. ಹೈಡ್ರಾಂಜಿಯಾ, ಬೋಗನ್‌ವಿಲ್ಲಾ, ಡುರಾಂಟ, ಕ್ರೋಟನ್, ಪಾಯಿನ್‌ಸೆಟಿಯಾ. ಎಲ್ಲವೂ ಬೇರೆ ದೇಶದಿಂದ ಬಂದವು. ಇಲ್ಲಿಯ ಬೆಟ್ಟದಲ್ಲಿ, ತೋಡಿನ ದಂಡೆಯಲ್ಲಿ, ಗದ್ದೆಗೆ ಸೇರಿದ ಕಾಡುಜಾಗವಾದ ಬಾಣೆಯಲ್ಲಿ ತಾನಾಗಿ ಹುಟ್ಟಿ ಹೂ ಬಿಡುವ ನೆಕ್ಕರಿಕ, ಮುಸ್ಸಂಡದಂಥ ಗಿಡ ಅಂಗಳದೊಳಗೆ ಕಾಣುವುದೇ ಅಪರೂಪ. ಮಡಿಕೇರಿಯ ರಾಜಾಸೀಟ್ ಉದ್ಯಾನದಲ್ಲಿ ನಡೆಯುವ ಫಲಪುಷ್ಪ ಪ್ರದರ್ಶನಕ್ಕೆ ನಾನು ತಪ್ಪದೆ ಹೋಗುತ್ತೇನೆ. ಅಲ್ಲೂ ಅವು ನನ್ನ ಕಣ್ಣಿಗೆ ಬಿದ್ದಿಲ್ಲ. ಅವುಗಳಿಗೊಂದು ಜಾಗ ಕೊಡಿ ಅಂತ ಕೇಳಲು ಈ ಪತ್ರ ಬರೆಯುತ್ತಿದ್ದೇನೆ.

ಹೈಡ್ರಾಂಜಿಯಾ ಕಿತ್ತು ಎಸೆಯಿರಿ ಅಂತ ನಾನು ಹೇಳುತ್ತಿಲ್ಲ. ನಮ್ಮ ಅತ್ತೆ ನೆಟ್ಟ ಸಾಲು ಬಚ್ಚಲುಮನೆಯ ಹಿಂದೆ ಈಗಲೂ ನೀಲಿ ಹೂ ಬಿಡುತ್ತದೆ. ಅದು ಅಲ್ಲೇ ಇರಲಿ. ಹತ್ತು ಗಿಡ ನೆಡುವ ಕಡೆ ನಾಲ್ಕಾದರೂ ಈ ನೆಲದವು ಇರಲಿ ಅನ್ನುವುದಷ್ಟೇ ನನ್ನ ಮಾತು.

ಯಾಕೆ ಅಂತ ಕೇಳಿದರೆ, ಎಲೆ ನೋಡಿ ಅನ್ನುತ್ತೇನೆ. ಹೂ ನೋಡಿ ಗಿಡ ತರುವುದು ನಮ್ಮೆಲ್ಲರ ಅಭ್ಯಾಸ. ಹೂವಿಗೆ ಚಿಟ್ಟೆ ಬಂದರೆ ತೋಟ ಚೆನ್ನಾಗಿದೆ ಅಂದುಕೊಳ್ಳುತ್ತೇವೆ. "ಚಿಟ್ಟೆ ಲಂಟಾನಕ್ಕೂ ಬರುತ್ತಲ್ವಾ?" ಅಂತ ಪಕ್ಕದ ಮನೆಯ ಅಕ್ಕ ಕೇಳುತ್ತಾರೆ. ಬರುತ್ತದೆ, ನಿಜ. ಅದು ಬರುವುದು ರಸ ಕುಡಿಯಲು. ಮೊಟ್ಟೆ ಇಡಲು ಬೇರೆ ಗಿಡ ಬೇಕು. ಚಿಟ್ಟೆಯ ಹುಳು ಕಂಡಕಂಡ ಎಲೆ ತಿನ್ನುವುದಿಲ್ಲ. ಹೆಚ್ಚಿನ ಜಾತಿಗಳಿಗೆ ಕೆಲವೇ ಬಗೆಯ ಎಲೆ ಮಾತ್ರ ಆಗುತ್ತದೆ. ಆ ಗಿಡ ಊರಿನಲ್ಲಿ ಇಲ್ಲದಿದ್ದರೆ ಆ ಚಿಟ್ಟೆಯ ಸಂಸಾರ ಅಲ್ಲಿ ಬೆಳೆಯುವುದಿಲ್ಲ, ಅಂಗಳದ ತುಂಬಾ ಎಷ್ಟೇ ಹೂ ಇರಲಿ. ನಮ್ಮ ಕರ್ನಾಟಕದ ರಾಜ್ಯ ಚಿಟ್ಟೆ ಸದರ್ನ್ ಬರ್ಡ್‌ವಿಂಗ್ ಇದೆಯಲ್ಲ, ಕಪ್ಪು ಮತ್ತು ಹೊಳೆಯುವ ಹಳದಿ ಬಣ್ಣದ್ದು. ಅದು ಕೇಪಳದ ಕೆಂಪು ಹೂಗೊಂಚಲಿಗೆ ಬಂದು ರಸ ಕುಡಿಯುತ್ತದೆ. ಮೊಟ್ಟೆ ಇಡಲು ಅದಕ್ಕೆ ಈಶ್ವರಿ ಬಳ್ಳಿ ಮತ್ತು ಅದರ ಬಳಗದ ಗಿಡಗಳೇ ಬೇಕು. ಎರಡನ್ನೂ ಒಂದೇ ಮೂಲೆಯಲ್ಲಿ ನೆಡಬಹುದು. ಬಳ್ಳಿ ಕೇಪಳದ ಮೇಲೇ ಹಬ್ಬಿಕೊಳ್ಳುತ್ತದೆ.

ಮುಸ್ಸಂಡದ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ನರ್ಸರಿಯಲ್ಲಿ ಮುಸ್ಸಂಡ ಕೇಳಿದರೆ ಗುಲಾಬಿ ಬಣ್ಣದ್ದನ್ನು ಕೊಡುತ್ತಾರೆ. ಗೊಂಚಲು ಗೊಂಚಲಾಗಿ ಜೋತು ಬೀಳುವ ಆ ತಳಿಗಳು ಫಿಲಿಪ್ಪೀನ್ಸ್‌ನಲ್ಲಿ ತಯಾರಾದವು. ನೋಡಲು ಚೆಂದ. ಆದರೆ ಅದರಲ್ಲಿ ಗುಲಾಬಿಯಾಗಿ ಕಾಣುವುದು ಹೂವಲ್ಲ, ಹೂವಿನ ಬುಡದ ಪುಷ್ಪಪತ್ರ. ಎಲ್ಲವೂ ಅಗಲವಾಗಿ ಬೆಳೆದು ಅಸಲಿ ಹೂ ನಡುವೆ ಮುಚ್ಚಿಹೋಗಿರುತ್ತದೆ. ನಮ್ಮ ಕಾಡಿನ ಅಂಚಿನ ಮುಸ್ಸಂಡ ಹಾಗಲ್ಲ. ಕಿತ್ತಳೆ ಬಣ್ಣದ ಸಣ್ಣ ಹೂ, ಉದ್ದ ಕೊಳವೆ. ಗೊಂಚಲಿನ ಕೆಲವು ಹೂವಿಗೆ ಮಾತ್ರ ಒಂದೊಂದು ಪತ್ರ ಹಾಲುಬಿಳುಪಾಗಿ ಎಲೆಯಷ್ಟು ದೊಡ್ಡದಾಗುತ್ತದೆ. ಮಳೆಗಾಲದ ಮಬ್ಬಿನಲ್ಲೂ ಆ ಬಿಳಿ ದೂರದಿಂದ ಕಾಣುತ್ತದೆ.

ಈ ಗಿಡದ ಎಲೆಯ ಮೇಲೆ ಕಮಾಂಡರ್ ಅನ್ನುವ ಚಿಟ್ಟೆ ಮೊಟ್ಟೆ ಇಡುತ್ತದೆ. ಇಟ್ಟಿಗೆಗೆಂಪು ಬಣ್ಣ, ನಡುವೆ ಬಿಳಿ ಪಟ್ಟೆ. ಮರಿಹುಳು ಎಲೆಯ ತುದಿಯಿಂದ ತಿನ್ನಲು ಶುರು ಮಾಡುತ್ತದೆ. ಎರಡೂ ಬದಿ ತಿಂದು ನಡುವಿನ ನರವನ್ನು ಮಾತ್ರ ಕಡ್ಡಿಯಂತೆ ಉಳಿಸುತ್ತದೆ. ಆಮೇಲೆ ಆ ಕಡ್ಡಿಯ ಮೇಲೇ ಹೋಗಿ ಕೂರುತ್ತದೆ. ತಿಂದುಳಿದ ಎಲೆಚೂರನ್ನು ನೂಲಿನಿಂದ ಕಟ್ಟಿ ಪಕ್ಕದಲ್ಲಿ ನೇತು ಹಾಕುತ್ತದೆ, ತನ್ನ ಹಿಕ್ಕೆಯನ್ನೂ ಅದೇ ಕಡ್ಡಿಗೆ ಅಂಟಿಸುತ್ತದೆ. ಒಣಗಿದ ಕಸದ ನಡುವೆ ಕಂದು ಹುಳು. ಹಕ್ಕಿಗೂ ಗೊತ್ತಾಗುವುದಿಲ್ಲ, ನಮಗೂ ಗೊತ್ತಾಗುವುದಿಲ್ಲ. ಕೋಶ ಕಟ್ಟಿದಾಗಲೂ ಸುರುಟಿದ ತರಗೆಲೆಯ ಹಾಗೇ ಇರುತ್ತದೆ. ನಮ್ಮ ಮನೆಯ ಮೆಟ್ಟಿಲ ಪಕ್ಕದ ಗಿಡದಲ್ಲಿ ಇದನ್ನು ನೋಡಲು ಮೊಮ್ಮಗಳು ದಿನಾ ಬೆಳಿಗ್ಗೆ ಹಲ್ಲುಜ್ಜುತ್ತಾ ಹೋಗಿ ನಿಲ್ಲುತ್ತಿದ್ದಳು. ಗಿಡಕ್ಕೆ ಹುಳ ಬಿದ್ದಿದೆ, ಔಷಧಿ ಹೊಡೆಯಿರಿ ಅಂತ ಸಲಹೆ ಕೊಟ್ಟವರೂ ಇದ್ದರು. ಹತ್ತಿಪ್ಪತ್ತು ಎಲೆ ಹೋಗುತ್ತದೆ. ಮಳೆ ಬಿದ್ದರೆ ವಾರದಲ್ಲೇ ಹೊಸ ಚಿಗುರು. ಔಷಧಿ ಯಾಕೆ ಬೇಕು?

ಕಾಫಿ ಬೆಳೆಗಾರರಿಗೆ ಇದರಲ್ಲಿ ಇನ್ನೊಂದು ವಿಷಯ ಇದೆ. ರೊಬಸ್ಟಾ ಕಾಫಿ ತನ್ನದೇ ಪರಾಗದಿಂದ ಕಾಯಿ ಕಟ್ಟುವುದಿಲ್ಲ. ಬೇರೆ ಗಿಡದ ಪರಾಗ ಬೇಕು. ಅದನ್ನು ಗಾಳಿ ತರಬೇಕು, ಇಲ್ಲ ಜೇನು ತರಬೇಕು. ಕಾಫಿ ಅರಳಿಸುವ ಹೂಮಳೆ ಬಿದ್ದು ತೋಟ ಬೆಳ್ಳಗಾಗುವುದು ನಾಲ್ಕೈದು ದಿನ. ಆ ದಿನಗಳಲ್ಲಿ ಹೆಜ್ಜೇನು, ಪೆಟ್ಟಿಗೆಯಲ್ಲಿ ಸಾಕುವ ತುಡುವೆ ಜೇನು ಎಲ್ಲವೂ ಬೇಕು ಅಂತ ನಾವು ಕಾಯುತ್ತೇವೆ. ಉಳಿದ ತಿಂಗಳು ಅವು ಏನು ತಿನ್ನಬೇಕು? ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕಡೆ ಜೇನಿಗೆ ಬರಗಾಲ. ಪೆಟ್ಟಿಗೆ ಇಟ್ಟವರು ಸಕ್ಕರೆ ಪಾಕ ಕೊಟ್ಟು ಕುಟುಂಬ ಉಳಿಸಿಕೊಳ್ಳುತ್ತೇವೆ. ಭಾಗಮಂಡಲದ ಜೇನಿಗೆ ಒಂದು ಕಾಲದಲ್ಲಿ ಎಷ್ಟು ಹೆಸರಿತ್ತು ಅಂತ ಹಿರಿಯರಿಗೆ ಗೊತ್ತು. 1990ರ ದಶಕದ ಆರಂಭದಲ್ಲಿ ಜೇನಿನ ಮರಿಹುಳುಗಳನ್ನು ಕೊಲ್ಲುವ ಥಾಯ್ ಸ್ಯಾಕ್‌ಬ್ರೂಡ್ ರೋಗ ಬಂದು ತುಡುವೆ ಪೆಟ್ಟಿಗೆಗಳು ಊರೂರೇ ಖಾಲಿಯಾದವು. ಈಗ ಉಳಿದಿರುವ ಜೇನಿಗೆ ಮನೆಯ ಸುತ್ತ ನಾಲ್ಕು ಹೂವಾದರೂ ಇರಬೇಕು. ಲಿಯಾ ಎಂದು ಸಸ್ಯಶಾಸ್ತ್ರದವರು ಕರೆಯುವ ಒಂದು ಪೊದೆ ನಮ್ಮ ತೋಡುಗಳ ಬದಿ ಎಲ್ಲ ಕಡೆ ಇದೆ. ಹೂ ಸಣ್ಣದು, ಹಸಿರುಬಿಳಿ, ಯಾರೂ ತಿರುಗಿ ನೋಡುವುದಿಲ್ಲ. ಮಳೆ ಸ್ವಲ್ಪ ಬಿಟ್ಟು ಬಿಸಿಲು ಇಣುಕಿದ ಕೂಡಲೇ ಅದರ ಗೊಂಚಲ ಮೇಲೆ ಜೇನು, ಕಣಜ, ಚಿಟ್ಟೆ ಎಲ್ಲ ಸೇರಿ ಜಾತ್ರೆಯಾಗುತ್ತದೆ. ಕರಿಬೇವಿನ ಹೂವಿಗೂ ಜೇನು ಬರುತ್ತದೆ. ಕರಿಬೇವು ಕೂಡ ನಮ್ಮ ನಾಡಿನ ಗಿಡವೇ ಅಲ್ವಾ.

ಇನ್ನು ನೆಕ್ಕರಿಕ. ಹೆಸರು ಗೊತ್ತಿಲ್ಲದವರಿಗೂ ಗಿಡ ಗೊತ್ತು. ಗದ್ದೆಬದಿಯಲ್ಲಿ, ತೋಡಿನ ಪಕ್ಕದಲ್ಲಿ ನೇರಳೆ ಬಣ್ಣದ ಐದು ಎಸಳಿನ ದೊಡ್ಡ ಹೂ. ಎಲೆಯಲ್ಲಿ ಉದ್ದಕ್ಕೆ ಗೆರೆ ಎಳೆದ ಹಾಗೆ ನರಗಳು. ಹಣ್ಣು ಒಡೆದಾಗ ಒಳಗೆ ಕಪ್ಪುನೇರಳೆ ತಿರುಳು, ತಿಂದ ಮಕ್ಕಳ ನಾಲಿಗೆ ಇಡೀ ದಿನ ಬಣ್ಣ. ಒಂದು ಹೂ ಇರುವುದು ಒಂದೇ ದಿನ. ಆದರೆ ಮೊಗ್ಗು ಮುಗಿಯುವುದಿಲ್ಲ. ವರ್ಷದ ಬಹುಪಾಲು ಗಿಡದಲ್ಲಿ ಒಂದಾದರೂ ಹೂ ಇರುತ್ತದೆ.

ಈ ಹೂವನ್ನು ಹತ್ತಿರದಿಂದ ನೋಡಿ. ಕೇಸರ ಎರಡು ಬಗೆ. ನಡುವೆ ಹಳದಿ ಬಣ್ಣದ ಗಿಡ್ಡ ಕೇಸರಗಳ ಗುಂಪು. ಅದರ ಹೊರಗೆ ನೇರಳೆ ಬಣ್ಣದ ಉದ್ದನೆಯವು, ತುದಿ ಕುಡುಗೋಲಿನಂತೆ ಬಾಗಿದವು. ಹಳದಿ ಕಂಡು ದುಂಬಿ ಬಂದು ಕೂರುತ್ತದೆ. ಈ ಹೂವಿನಲ್ಲಿ ಮಕರಂದ ಇಲ್ಲ, ಇರುವುದು ಪರಾಗ ಮಾತ್ರ. ಅದೂ ತೆರೆದುಕೊಂಡಿಲ್ಲ, ಕೇಸರದ ತುದಿಯ ಸಣ್ಣ ತೂತಿನೊಳಗೆ ಇದೆ. ಮರ ಕೊರೆಯುವ ಕಪ್ಪು ದುಂಬಿ ಕೇಸರವನ್ನು ಕಾಲಿನಲ್ಲಿ ತಬ್ಬಿಕೊಂಡು ಮೈ ನಡುಗಿಸುತ್ತದೆ. ಹಾರುವಾಗಿನ ಸದ್ದೇ ಬೇರೆ, ಇಲ್ಲಿ ಕೇಳುವ ಸದ್ದೇ ಬೇರೆ, ಗುಂಯ್ ಅಂತ ಸಣ್ಣಗೆ ಬಿಗಿಯಾಗಿ. ಆ ನಡುಕಕ್ಕೆ ತೂತಿನಿಂದ ಪರಾಗ ಚಿಮ್ಮುತ್ತದೆ. ಹಳದಿ ಕೇಸರದ ಪರಾಗ ದುಂಬಿಯ ಊಟಕ್ಕೆ. ಉದ್ದ ನೇರಳೆ ಕೇಸರದ್ದು ಅದರ ಮೈಗೆ ಅಂಟಿ ಮುಂದಿನ ಹೂವಿಗೆ ಹೋಗುತ್ತದೆ. ತುಡುವೆಗೆ ಹೀಗೆ ನಡುಗಿಸಲು ಬರುವುದಿಲ್ಲ. ಕಪ್ಪು ದುಂಬಿ, ನೀಲಿ ಪಟ್ಟೆಯ ಜೇನು ಇವುಗಳ ಪಾಲಿನ ಹೂವು ಇದು. ಬದನೆ, ಟೊಮೆಟೊ ಹೂವಿಗೂ ಇದೇ ನಡುಗಿಸುವ ದುಂಬಿಗಳು ಬಂದರೆ ಕಾಯಿ ಚೆನ್ನಾಗಿ ಕಟ್ಟುತ್ತದೆ. ಹಿತ್ತಲಿನಲ್ಲಿ ತರಕಾರಿ ಬೆಳೆಯುವವರು ಬೇಲಿಬದಿ ಒಂದು ನೆಕ್ಕರಿಕ ಇಟ್ಟುಕೊಳ್ಳುವುದು ಒಳ್ಳೆಯದು.

ನಮ್ಮ ಊರುಗಳಲ್ಲಿ ಒಂದು ಕಾಡುಪೊದೆಯನ್ನು ಮಾತ್ರ ಯಾರೂ ಬಿಟ್ಟಿಲ್ಲ. ಮದ್ದುಸೊಪ್ಪು. ಕೊಡವರ ಕಕ್ಕಡ ತಿಂಗಳ ಹದಿನೆಂಟಕ್ಕೆ, ನಮ್ಮ ಅರೆಭಾಷೆಯವರ ಆಟಿ ತಿಂಗಳ ಹದಿನೆಂಟಕ್ಕೆ, ಅದರ ಎಲೆ ಬೇಯಿಸಿದ ನೇರಳೆ ನೀರಿನಲ್ಲಿ ಪಾಯಸ ಆಗಲೇಬೇಕು. ಪಶ್ಚಿಮ ಘಟ್ಟದಲ್ಲಿ ಮಾತ್ರ ಬೆಳೆಯುವ ಗಿಡ ಇದು. ಹೂ ಸಣ್ಣದು. ಆದರೂ ಮನೆಮನೆಯ ಹಿತ್ತಲಿನಲ್ಲಿ ಉಳಿದಿದೆ, ಯಾಕೆಂದರೆ ಬಳಸುತ್ತೇವೆ, ಕಡ್ಡಿ ಮುರಿದು ಮಗಳ ಮನೆಗೂ ಕೊಟ್ಟು ಕಳಿಸುತ್ತೇವೆ. ಕೈಲ್‌ಪೊಳ್ದ್ ಎಂಬ ಆಯುಧ ಹಬ್ಬದ ದಿನ ಕೋವಿಗೆ ಸಿಕ್ಕಿಸುವ ತೋಕ್‌ಪೂ, ಅಂದರೆ ಗೌರಿ ಹೂ, ಕೂಡ ಹಾಗೇ. ಅದು ಬಳ್ಳಿ, ಗಡ್ಡೆ ಭಾರೀ ವಿಷ, ಚಿಕ್ಕ ಮಕ್ಕಳಿರುವ ಮನೆಯಲ್ಲಿ ಜಾಗ್ರತೆ ಬೇಕು. ಅದನ್ನು ಹುಡುಕಿ ತರುವ ನಮಗೆ ಬಾಕಿ ಗಿಡಗಳ ಪರಿಚಯ ಇಲ್ಲದಿರುವುದು ನನಗೆ ಬೇಸರ ತರುತ್ತದೆ.

ಅಲಂಕಾರಕ್ಕೆಂದು ತಂದ ಗಿಡ ಅಂಗಳದಲ್ಲೇ ಇರುತ್ತದೆ ಅನ್ನುವ ಖಾತ್ರಿ ಇಲ್ಲ. ಲಂಟಾನ ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ಕೋಲ್ಕತ್ತಾದ ಸಸ್ಯೋದ್ಯಾನಕ್ಕೆ ಹೂವಿನ ಗಿಡವಾಗಿ ಬಂದದ್ದು. ಇವತ್ತು ನಾಗರಹೊಳೆಯಲ್ಲಿ ಅದರ ಕೆಳಗೆ ಹುಲ್ಲು ಹುಟ್ಟುವುದಿಲ್ಲ. ಹಳದಿ ಹೂ ಬಿಡುವ ಸೆನ್ನಾ ಮರ ಅದರ ಬೆನ್ನಿಗೇ ಕಾಡು ಸೇರಿದೆ. ಇನ್ನೊಂದು, ಸಿಂಗಪುರ ಡೈಸಿ ಅಂತ ಕರೆಯುವ ಹಳದಿ ಹೂವಿನ ಹಾಸುಗಿಡ. ಅದರ ಮೂಲ ಅಮೆರಿಕ ಖಂಡದ ಉಷ್ಣ ಪ್ರದೇಶ. ನಮ್ಮ ಊರಿನಲ್ಲಿ ಅದು ಒಂದು ಗೇಟಿನ ಪಕ್ಕ ಇತ್ತು. ಈಗ ತೋಡಿನ ದಂಡೆಯುದ್ದಕ್ಕೂ ಇದೆ. ಒಂದು ತುಂಡು ನೀರಿಗೆ ಬಿದ್ದು ಕೆಳಗೆ ಹೋಗಿ ದಡ ಹಿಡಿದರೆ ಸಾಕು, ಬೇರು ಬಿಡುತ್ತದೆ. ದಯವಿಟ್ಟು ಅದನ್ನು ತೋಡಿನ ಹತ್ತಿರ ನೆಡಬೇಡಿ.

ಬರೆಯ, ಅಂದರೆ ಮಣ್ಣು ಕಡಿದ ಗುಡ್ಡದ ಏರಿನ, ವಿಷಯವನ್ನೂ ಹೇಳಿಬಿಡುತ್ತೇನೆ. 2018ರ ಆಗಸ್ಟ್ ತಿಂಗಳ ಗುಡ್ಡ ಕುಸಿತದ ನಂತರ ಮನೆ ಹಿಂದಿನ ಬರೆ ಕಂಡರೆ ನಮಗೆಲ್ಲ ಭಯ. ಪೊದೆಗಿಡ ನೆಟ್ಟರೆ ಗುಡ್ಡ ಕುಸಿಯುವುದಿಲ್ಲ ಅಂತ ಹೇಳಿದರೆ ಅದು ಸುಳ್ಳಾಗುತ್ತದೆ. ಅಷ್ಟು ಆಳಕ್ಕೆ ಅವುಗಳ ಬೇರು ಹೋಗುವುದಿಲ್ಲ. ಆದರೆ ಮೇಲಿನ ಮಣ್ಣು ಪ್ರತಿ ಮಳೆಗೂ ತೊಳೆದು ಚರಂಡಿ ತುಂಬುವುದನ್ನು ತಡೆಯುತ್ತವೆ. ನಮ್ಮ ರಸ್ತೆ ಬದಿಯ ಬರೆಯಲ್ಲಿ ನೆಕ್ಕರಿಕ, ಮುಸ್ಸಂಡ, ಜರಿಗಿಡ ಎಲ್ಲ ತಾನಾಗಿ ಹಿಡಿದಿತ್ತು. ಮೊನ್ನೆ ಚರಂಡಿ ಕೆಲಸಕ್ಕೆ ಬಂದ ಜೆಸಿಬಿ ಅದನ್ನೆಲ್ಲ ಕೆರೆದು ಕೆಂಪು ಮಣ್ಣು ಮಾಡಿ ಹೋಯಿತು. ಮೊದಲ ಮಳೆಗೆ ಅದೇ ಮಣ್ಣು ಅದೇ ಚರಂಡಿಗೆ ಬಂತು. ಚರಂಡಿ ತೆಗೆಯಿರಿ, ಬರೆಯ ಗಿಡ ಬಿಡಿ ಅಂತ ಕೆಲಸ ಮಾಡಿಸುವವರು ಒಂದು ಮಾತು ಹೇಳಿದರೆ ಸಾಕಿತ್ತು.

ಬೆಳೆಸುವುದು ಕಷ್ಟವೇನಲ್ಲ. ಕಾಫಿ ಸಸಿ ಮಾಡುವುದು ನಮಗೆ ಹೊಸದಾ? ಅದೇ ಚೀಲ, ಅದೇ ಮಣ್ಣು. ಆರು ಪಾಲು ಕಾಡುಮಣ್ಣು, ಎರಡು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಒಂದು ಪಾಲು ಮರಳು. ಮುಸ್ಸಂಡದ ಅರೆಬಲಿತ ಕಡ್ಡಿಯನ್ನು ಜೂನ್‌ನಲ್ಲಿ ಊರಿದರೆ ಬೇರು ಬರುತ್ತದೆ. ಗಂಟುಭಾರಂಗಿಗೂ ಹಾಗೇ. ಅದರ ತಿಳಿನೀಲಿ ಹೂ ನೋಡಿದವರು ಗಿಡ ಕೇಳದೆ ಹೋಗುವುದಿಲ್ಲ. ಮದ್ದುಸೊಪ್ಪಿಗೆ ಚೀಲವೂ ಬೇಡ, ನೆರಳಿನಲ್ಲಿ ಸುಮ್ನೆ ಊರಿದರೆ ಹಿಡಿಯುತ್ತದೆ. ಕೇಪಳಕ್ಕೆ ತಾಳ್ಮೆ ಬೇಕು. ಹಣ್ಣಾದ ಬೀಜ ಹಾಕಿ ಕಾಯುವುದು ಒಳ್ಳೆಯದು. ಪೇಟೆಯಲ್ಲಿ ಕೇಪಳ ಅಂತ ಕೊಡುವ ಗಿಡ್ಡ ತಳಿಗಳು ಬೇರೆ. ಅವುಗಳಲ್ಲಿ ಹಕ್ಕಿ ತಿನ್ನುವ ಕೆಂಪು ಹಣ್ಣು ನಾನಂತೂ ಕಂಡಿಲ್ಲ. ನೆಕ್ಕರಿಕದ ಬೀಜ ಧೂಳಿನಷ್ಟು ಸಣ್ಣದು, ಪಾಚಿ ಕಟ್ಟಿದ ಒದ್ದೆ ಬರೆಯಲ್ಲಿ ತಾನೇ ಮೊಳೆಯುತ್ತದೆ. ಅಂಥ ಸಣ್ಣ ಸಸಿಯನ್ನು ಮಣ್ಣಿನ ಸಮೇತ ಎತ್ತಿ ಚೀಲಕ್ಕೆ ಹಾಕಿ. ಅದಕ್ಕೆ ಹುಳಿಮಣ್ಣೇ ಇಷ್ಟ. ಕಾಫಿಗೆ ಹಾಕುವ ಸುಣ್ಣ ಅದರ ಬುಡಕ್ಕೆ ಹಾಕಬೇಡಿ. ಕಳೆನಾಶಕ ಹೊಡೆಯುವವರಿಗೂ, ಕಳೆ ಹೊಡೆಯುವ ಯಂತ್ರದವರಿಗೂ ಗಿಡ ತೋರಿಸಿ, ಪಕ್ಕಕ್ಕೊಂದು ಕೋಲು ನೆಟ್ಟಿಡಿ. ಅವರ ಕಣ್ಣಿಗೆ ಇದೆಲ್ಲ ಕಾಡು.

ಪೊದೆ ಬೆಳೆಸಿದರೆ ಹಾವು ಬರುತ್ತದೆ ಅನ್ನುವ ಭಯ ಸಹಜ. ಮನೆಗೆ ತಾಗಿಸಿ ನೆಡಬೇಡಿ. ನೆಲದಿಂದ ಒಂದಡಿ ಎತ್ತರದವರೆಗೆ ಕೊಂಬೆ ತೆಗೆದು ಬುಡ ಕಾಣುವ ಹಾಗಿಡಿ. ಮಳೆಗಾಲ ಮುಗಿದ ಮೇಲೆ ಒಮ್ಮೆ ಕತ್ತರಿಸಿದರೆ ಗಿಡ ದುಂಡಗೆ ಬೆಳೆಯುತ್ತದೆ, ಹೂವೂ ಜಾಸ್ತಿ.

ಎಲ್ಲ ಗಿಡವೂ ಅಂಗಳಕ್ಕೆ ಆಗುವುದಿಲ್ಲ. 2021ರ ಆಗಸ್ಟ್‌ನಲ್ಲಿ ಮಾಂದಲ್‌ಪಟ್ಟಿ, ಕೋಟೆಬೆಟ್ಟದ ಕಡೆ ಕುರಿಂಜಿ ಹೂ ಬಿಟ್ಟಾಗ ಜನ ಗಿಡವನ್ನೇ ಕಿತ್ತುಕೊಂಡು ಬಂದರು. ಈ ಕುರಿಂಜಿ ವರ್ಷಗಟ್ಟಲೆ ಕಾದು ಒಮ್ಮೆ ಹೂ ಬಿಟ್ಟು, ಬೀಜ ಉದುರಿಸಿ ಸಾಯುತ್ತದೆ. ಹೂವಿದ್ದಾಗ ಕಿತ್ತರೆ ಬೀಜವೂ ಹೋಯಿತು, ಗಿಡವೂ ಹೋಯಿತು. ಅದು ಬೆಟ್ಟದಲ್ಲೇ ಇರಬೇಕು. ಮೀಸಲು ಅರಣ್ಯದಿಂದ ಯಾವ ಗಿಡವನ್ನೂ ತರಬೇಡಿ, ಅದು ಅಪರಾಧ. ನಮ್ಮದೇ ಬಾಣೆಯಲ್ಲಿ, ತೋಟದ ಬೇಲಿಯಲ್ಲಿ ಬೇಕಾದಷ್ಟು ಕಡ್ಡಿ ಸಿಗುತ್ತದೆ.

ಈಗ ನನ್ನ ಕೋರಿಕೆ. ರಾಜಾಸೀಟ್ ಪ್ರದರ್ಶನದಲ್ಲಿ ಮನೆಯಂಗಳದ ಹೂವಿಗೆ ಬಹುಮಾನ ಕೊಡುವಾಗ ಈ ನೆಲದ ಪೊದೆಗಿಡಗಳಿಗೆ ಬೇರೆ ವಿಭಾಗ ಮಾಡಲಿ. ಪ್ರದರ್ಶನದ ಹೊತ್ತಿಗೆ ಅವು ಹೂ ಬಿಟ್ಟಿರಬೇಕಲ್ಲ ಅಂತ ಕೇಳಬಹುದು. ಜನವರಿಯಲ್ಲಿ ಧಾತಕಿ ಇದೆ. ಕುಶಾಲನಗರ, ಸೋಮವಾರಪೇಟೆ ಕಡೆಯ ಒಣ ಗುಡ್ಡಗಳಲ್ಲಿ ಕೊಂಬೆಯುದ್ದಕ್ಕೂ ಕೆಂಪು ಕೊಳವೆ ಹೂ ಬಿಡುತ್ತದೆ, ಸೂರಕ್ಕಿಗಳು ಬಿಡದೆ ಬರುತ್ತವೆ. ಅರಿಷ್ಟ ಹುದುಗಿಸಲು ಆಯುರ್ವೇದದವರು ಬಳಸುವ ಹೂವು ಅದೇ. ಇಬ್ಬನೆ ಗಿಡದ ಬಿಳಿ ಗೊಂಚಲು ಆಗಷ್ಟೇ ಶುರುವಾಗಿರುತ್ತದೆ. ಕೇಪಳ, ನೆಕ್ಕರಿಕ ಹೇಗೂ ಇರುತ್ತವೆ. ಹೆಸರಿನ ಚೀಟಿಯಲ್ಲಿ ಕನ್ನಡ, ಕೊಡವ, ಅರೆಭಾಷೆ ಮೂರರಲ್ಲೂ ಬರೆದರೆ ಅಜ್ಜಿಯರು ಬಂದು ತಪ್ಪಿದ್ದನ್ನು ತಿದ್ದುತ್ತಾರೆ, ಮಕ್ಕಳು ಕಲಿಯುತ್ತಾರೆ. ತೋಟಗಾರಿಕೆ ಇಲಾಖೆಯ ಸಸ್ಯಕ್ಷೇತ್ರಗಳಲ್ಲಿ ಕರಿಮೆಣಸು, ಅಡಿಕೆ ಸಸಿಯ ಜೊತೆ ಈ ಗಿಡಗಳದ್ದೂ ಸ್ವಲ್ಪ ಚೀಲ ತುಂಬಿಸಲಿ. ಪೊನ್ನಂಪೇಟೆಯ ಅರಣ್ಯ ಕಾಲೇಜಿನವರು ಯಾವ ಗಿಡ ಎಲ್ಲಿಗೆ ಒಗ್ಗುತ್ತದೆ ಅಂತ ಹೇಳಬಲ್ಲರು. ಹೋಂಸ್ಟೇ ನಡೆಸುವವರು ಮೊದಲು ನೆಟ್ಟರೆ ಇನ್ನೂ ಒಳ್ಳೆಯದು. ಕೊಡಗು ನೋಡಲು ಬಂದವರಿಗೆ ಕೊಡಗಿನ ಗಿಡವನ್ನೇ ತೋರಿಸಿದ ಹಾಗಾಗುತ್ತದೆ.

ಮುಂದಿನ ಪ್ರದರ್ಶನಕ್ಕೆ ಇನ್ನೂ ಏಳೆಂಟು ತಿಂಗಳು ಇದೆ. ಹಿಂದಿನ ಪ್ರದರ್ಶನಗಳಿಗೆ ಕುಂಡ ತಂದಿಟ್ಟ ಮಹಿಳಾ ಸಂಘದವರು ಈ ಜೂನ್‌ನ ಸಭೆಗೆ ಬರುವಾಗ ತಮ್ಮ ಬೇಲಿಯಿಂದ ಎರಡೆರಡು ಕಡ್ಡಿ ತಂದು ಹಂಚಿಕೊಳ್ಳಲಿ. ಆಟಿಯೊಳಗೆ ಬೇರು ಹಿಡಿಯುತ್ತದೆ, ಜನವರಿಗೆ ಕುಂಡದಲ್ಲಿ ಇಡುವಷ್ಟು ಗಿಡ ಆಗುತ್ತದೆ.

— ಕಾಫಿ ಬೆಳೆಗಾರ್ತಿ, ಭಾಗಮಂಡಲ ಹೋಬಳಿ, ಮಡಿಕೇರಿ ತಾಲೂಕು